ಕೊಳವೆ ಒಂದೇ, ಫಲಕ ಎರಡು: ತುಮಕೂರಿನಲ್ಲಿ ಸಿಗುವ ಮೈಸೂರು ರಾಕೆಟ್ ಮಾದರಿ

ತುಮಕೂರಿನ ಕೈಗಾರಿಕಾ ಪ್ರದೇಶದ ಒಂದು ಫ್ಯಾಬ್ರಿಕೇಷನ್ ವರ್ಕ್‌ಶಾಪ್ ಮೈಸೂರು ರಾಕೆಟ್‌ನ, ಅಂದರೆ ಹೈದರಾಲಿ ಮತ್ತು ಟಿಪ್ಪು ಸುಲ್ತಾನನ ಸೈನ್ಯ ಹಾರಿಸುತ್ತಿದ್ದ ಕಬ್ಬಿಣದ ಕೊಳವೆಯ ಬಾಣದ, ನಿಜ ಅಳತೆಯ ಮಾದರಿ ಮಾಡಿ ಶಾಲೆ, ಕಾಲೇಜುಗಳ ವಸ್ತುಪ್ರದರ್ಶನಕ್ಕೆ ಮಾರುತ್ತಿದೆ. ಒಂದು ಸೆಟ್‌ಗೆ 6,800 ರೂಪಾಯಿ, ಜಿಎಸ್‌ಟಿ ಬೇರೆ. ಬಿದಿರಿಗೆ ಕಟ್ಟಿದ ರಾಕೆಟ್ ಒಂದು, ಕತ್ತಿಗೆ ಕಟ್ಟಿದ್ದು ಒಂದು, ನಿಲ್ಲಿಸಲು ಕಬ್ಬಿಣದ ಸ್ಟ್ಯಾಂಡು, ಮೂರು ಅಡಿಯ ಮಾಹಿತಿ ಫಲಕ, 24 ಪುಟದ ಪುಸ್ತಿಕೆ. ಇಷ್ಟು ಸಾಮಾನು ಬರುತ್ತದೆ. ಇದರಲ್ಲಿ ಕಬ್ಬಿಣದ ಕೆಲಸಕ್ಕೆ ಕೊಟ್ಟ ದುಡ್ಡು ಮೋಸವಿಲ್ಲ. ಬಿದಿರು ಮತ್ತು ಕಟ್ಟು ಬದಲಾಯಿಸಿಕೊಳ್ಳಬೇಕು. ಫಲಕವನ್ನಂತೂ ತೆಗೆದುಕೊಳ್ಳಲೇಬಾರದು.

ಮೊದಲು ಅಳತೆ. ಇಂಗ್ಲೆಂಡಿನ ವುಲ್‌ವಿಚ್ ಫಿರಂಗಿ ಸಂಗ್ರಹಾಲಯದಲ್ಲಿದ್ದ ಎರಡು ಮೂಲ ರಾಕೆಟ್‌ಗಳ ವಿವರವನ್ನು ಬೆಂಗಳೂರಿನ ರಾಷ್ಟ್ರೀಯ ವೈಮಾನಿಕ ಪ್ರಯೋಗಾಲಯದಲ್ಲಿದ್ದ (ಎನ್‌ಎಎಲ್) ವಿಜ್ಞಾನಿ ರೊದ್ದಂ ನರಸಿಂಹ 1985ರಲ್ಲಿ ಕೊಟ್ಟಿದ್ದಾರೆ. ಚಿಕ್ಕದರ ಕೊಳವೆ 37 ಮಿಲಿಮೀಟರ್ ವ್ಯಾಸ, 198 ಮಿಲಿಮೀಟರ್ ಉದ್ದ; ಅದನ್ನು 1.90 ಮೀಟರ್ ಬಿದಿರಿಗೆ ಚರ್ಮದ ಪಟ್ಟಿಯಿಂದ ಬಿಗಿದಿದೆ. ದೊಡ್ಡದು 58 ಮಿಲಿಮೀಟರ್ ವ್ಯಾಸ, 254 ಮಿಲಿಮೀಟರ್ ಉದ್ದ. ಅದಕ್ಕೆ ಬಾಲವಾಗಿ 1.02 ಮೀಟರ್‌ನ ನೇರ ಕತ್ತಿ. ತುಮಕೂರಿನ ಮಾದರಿಯಲ್ಲಿ ಚಿಕ್ಕ ಕೊಳವೆ 38.1 ಮಿಲಿಮೀಟರ್‌ನ ಟ್ಯೂಬು, ಉದ್ದ 200. ದೊಡ್ಡದು 60.3, ಉದ್ದ 255. ಮಾರುಕಟ್ಟೆಯಲ್ಲಿ ಸಿಗುವ ಟ್ಯೂಬಿನ ಅಳತೆಗಳೇ ಅವು. ಚಿಕ್ಕದರಲ್ಲಿ ಒಂದು ಮಿಲಿಮೀಟರ್, ದೊಡ್ಡದರಲ್ಲಿ ಎರಡು ಚಿಲ್ಲರೆ ಹೆಚ್ಚು. ಪ್ರದರ್ಶನಕ್ಕೆ ಇದು ಸಾಕು. ದೊಡ್ಡದನ್ನು ಲೇತ್‌ಗೆ ಕೊಟ್ಟು ಇಳಿಸುವ ಉಸಾಬರಿ ಬೇಡ, ಗೋಡೆ ಬರೀ 1.6 ಮಿಲಿಮೀಟರ್ ದಪ್ಪ ಇರುವುದರಿಂದ ತೂತು ಬೀಳುತ್ತದೆ.

ಎರಡೂ ತುದಿಯ ಮುಚ್ಚಳ ಚೆನ್ನಾಗಿ ಕೂತಿವೆ. ಒಂದು ಕಡೆ ಪೂರ್ತಿ ಮುಚ್ಚಿ, ಇನ್ನೊಂದು ಕಡೆ ನಡುವೆ ಒಂದೇ ತೂತು ಕೊರೆದಿದ್ದಾರೆ, ಇದು ಸರಿ. ಬೇಸರ ತರಿಸುವುದು ಮೇಲ್ಮೈ. ಮೂಲದವು ಕಮ್ಮಾರನ ಸುತ್ತಿಗೆ ಕೆಲಸ. ಇದರಲ್ಲಿ ಟ್ಯೂಬಿನ ಉದ್ದಕ್ಕೂ ಯಂತ್ರದ ಬೆಸುಗೆಯ ಗೆರೆ, ಮುಚ್ಚಳದ ಸುತ್ತ ವೆಲ್ಡಿಂಗ್‌ನ ಮಣಿಸರ, ಅದರ ಮೇಲೆ ಹೊಳೆಯುವ ಕಪ್ಪು ಪೌಡರ್ ಕೋಟಿಂಗ್. ಹತ್ತು ಅಡಿ ದೂರದಿಂದ ನೋಡಿದರೂ ಮೋಟರ್‌ಬೈಕಿನ ಸೈಲೆನ್ಸರ್ ಥರ ಕಾಣುತ್ತದೆ. ಆರ್ಡರ್ ಕೊಡುವಾಗಲೇ ಪೌಡರ್ ಕೋಟಿಂಗ್ ಬೇಡ ಎಂದು ಹೇಳಿ. ಹೇಳಿದರೆ ಮಾಡುವುದಿಲ್ಲ. ಬರಿ ಕಬ್ಬಿಣ ಬಂದ ಮೇಲೆ ಬೆಸುಗೆಯ ಉಬ್ಬನ್ನು ಅರದಿಂದ ಸಮ ಮಾಡಿ, ಗುಂಡು ತಲೆಯ ಸುತ್ತಿಗೆಯಿಂದ ಹಗುರವಾಗಿ ತಟ್ಟಿ, ಕೈಗೆ ತಾಗಿದರೆ ಚುರ್ ಎನ್ನುವಷ್ಟು ಬಿಸಿ ಮಾಡಿ ಅಗಸೆ ಎಣ್ಣೆಯ ಬಟ್ಟೆ ಒರೆಸಿ. ಮೂರು ಸಲ ಹೀಗೆ ಮಾಡಿದರೆ ಹಳೆಯ ಕಬ್ಬಿಣದ ಮಂಕು ಕಪ್ಪು ಬರುತ್ತದೆ, ತುಕ್ಕೂ ಹಿಡಿಯುವುದಿಲ್ಲ. ಕೋಟಿಂಗ್ ಇರುವಾಗಲೇ ಕಾಯಿಸಿದರೆ ಕೆಟ್ಟ ಹೊಗೆ ಬರುತ್ತದೆ, ಮಕ್ಕಳ ಕೈಗೆ ಆ ಕೆಲಸ ಕೊಡಬೇಡಿ.

ಬಿದಿರಿನ ವಿಷಯದಲ್ಲಿ ಮಾತ್ರ ತಪ್ಪು ದೊಡ್ಡದು. 1.90 ಮೀಟರ್ ಇರಬೇಕಾದ ಕೋಲು 1.20 ಮೀಟರ್ ಬರುತ್ತದೆ. ಉದ್ದದ ಪಾರ್ಸೆಲ್ ಕಳಿಸುವುದು ಕಷ್ಟ ಎನ್ನುವುದು ಅವರ ಕಾರಣ. ಆದರೆ ಈ ಕೋಲು ಅಲಂಕಾರಕ್ಕಲ್ಲ. ಹಾರುವಾಗ ರಾಕೆಟ್ ಮುಗ್ಗರಿಸದೆ ಮೂತಿ ಮುಂದಿಟ್ಟು ಸಾಗಬೇಕಾದರೆ ಬಾಲವೇ ಗತಿ. ಇದನ್ನು ವಿದ್ಯಾರ್ಥಿಗಳು ಕೈಯಾರೆ ನೋಡಬಹುದು. ಸಿಡಿಮದ್ದಿನ ಬದಲು ಕೊಳವೆಗೆ ಒಣ ಮರಳು ತುಂಬಿ, ತೂತು ಮುಚ್ಚಿ, ಕೋಲಿನ ಕೆಳಗೆ ಒಂದು ಬೆರಳಿಟ್ಟು ತೂಗಿಸಿ. ಚಿಕ್ಕ ಕೊಳವೆ ಮರಳು ಸೇರಿ ಸುಮಾರು 600 ಗ್ರಾಂ ತೂಗುತ್ತದೆ. 1.20 ಮೀಟರ್ ಕೋಲಿನಲ್ಲಿ ತೂಕದ ನಡು ಕೊಳವೆಯ ಬಾಯಿಂದ ಎರಡು ಬೆರಳು ಹಿಂದೆ ನಿಲ್ಲುತ್ತದೆ. ಅದೇ ದಪ್ಪದ 1.90 ಮೀಟರ್ ಕೋಲು ಹಾಕಿದರೆ ಒಂದು ಗೇಣು ಹಿಂದೆ ಸರಿಯುತ್ತದೆ. ಜೊತೆಗೆ ಗಾಳಿ ಹಿಡಿದು ನೇರ ಮಾಡುವ ಬಾಲವೂ ಅಷ್ಟೇ ಉದ್ದವಾಗುತ್ತದೆ. ಈ ಬೆರಳಿನ ಪ್ರಯೋಗ ಮಾಡಿಸಿದರೆ ಫಲಕದಲ್ಲಿ ಹತ್ತು ಸಾಲು ಬರೆಯುವ ಅಗತ್ಯವಿಲ್ಲ.

ಹಾಗಾಗಿ ಬಿದಿರನ್ನು ಊರಿನ ಮೇದರ ಕೇರಿಯಲ್ಲೇ ಆರಿಸಿಕೊಳ್ಳಿ. ಹೆಬ್ಬೆರಳಿನ ದಪ್ಪ, ಗೆಣ್ಣು ಹತ್ತಿರ ಹತ್ತಿರ ಇರುವ, ಒಣಗಿದ ಕೋಲು ಕೇಳಿ. ಹಸಿ ಬಿದಿರು ತಿಂಗಳೊಳಗೆ ಸುಕ್ಕಿ ಕಟ್ಟು ಸಡಿಲವಾಗುತ್ತದೆ. ಸೊಟ್ಟ ಇದ್ದರೆ ಅವರೇ ಕೆಂಡದ ಮೇಲೆ ಕಾಯಿಸಿ ನೆಟ್ಟಗೆ ಮಾಡಿಕೊಡುತ್ತಾರೆ.

ಕೊಳವೆಯನ್ನು ಕೋಲಿಗೆ ಬಿಗಿಯಲು ವರ್ಕ್‌ಶಾಪ್‌ನವರು ನೈಲಾನ್ ಟ್ಯಾಗ್ ಹಾಕಿ ಮೇಲೆ ರೆಕ್ಸಿನ್ ಸುತ್ತಿದ್ದಾರೆ. ನಾಲ್ಕು ಮಕ್ಕಳು ಎತ್ತಿ ನೋಡುವಷ್ಟರಲ್ಲಿ ಕೊಳವೆ ಜಾರುತ್ತದೆ. ಇಲ್ಲಿ ಹಸಿ ಚರ್ಮವೇ ಬೇಕು, ಅಂದರೆ ತಮಟೆಗೆ ಬಿಗಿಯುವ ಹದ ಮಾಡದ ಚರ್ಮ. ತಮಟೆ ಮಾಡುವವರ ಹತ್ತಿರ ಬೆರಳಗಲದ ಪಟ್ಟಿ ಕತ್ತರಿಸಿಕೊಂಡು, ರಾತ್ರಿಯಿಡೀ ನೀರಲ್ಲಿ ನೆನೆಹಾಕಿ, ಒದ್ದೆಯಿರುವಾಗಲೇ ಎರಡು ಕಡೆ ಆರಾರು ಸುತ್ತು ಎಳೆದು ಕಟ್ಟಿ, ನೆರಳಲ್ಲಿ ಎರಡು ದಿನ ಬಿಡಿ. ಒಣಗುತ್ತಾ ಕುಗ್ಗಿ ಕಬ್ಬಿಣವನ್ನು ಬಿದಿರಿಗೆ ಹಿಡಿದುಬಿಡುತ್ತದೆ, ಉಗುರು ಹಾಕಿದರೂ ಎದ್ದು ಬರುವುದಿಲ್ಲ. ಚಪ್ಪಲಿ ಅಂಗಡಿಯ ಹದ ಮಾಡಿದ ಚರ್ಮ ಹೀಗೆ ಕುಗ್ಗುವುದಿಲ್ಲ. ಬೇಗ ಆಗಲಿ ಎಂದು ಬಿಸಿಲಿಗಿಟ್ಟರೆ ಅಂಚು ಸೀಳುತ್ತದೆ.

ಸ್ಟ್ಯಾಂಡ್ 75 ಸೆಂಟಿಮೀಟರ್ ಎತ್ತರ, 45 ಡಿಗ್ರಿಗೆ ಕೂರಿಸಿದೆ. ಉದ್ದದ ಬಿದಿರು ಹಾಕಿದ ಮೇಲೆ ಆ ಕೋನದಲ್ಲಿ ನಿಲ್ಲುವುದಿಲ್ಲ, ಬಾಲ ನೆಲಕ್ಕೆ ಬಡಿಯುತ್ತದೆ. ನಟ್ಟು ಸಡಿಲಿಸಿ 25 ಡಿಗ್ರಿಗೆ ಇಳಿಸಿದರೆ ತುದಿ ನೆಲಕ್ಕೂರಿ ಭದ್ರವಾಗಿರುತ್ತದೆ. ಕತ್ತಿಯ ರಾಕೆಟ್ ಒಂದೂವರೆ ಕಿಲೋ ದಾಟುವುದರಿಂದ ಸ್ಟ್ಯಾಂಡಿನ ಕಾಲಿಗೆ ಮರಳಿನ ಚೀಲ ಒರಗಿಸಿ. ಕತ್ತಿಯ ಅಂಚು ಮೊಂಡಾಗಿದೆಯೇ ಎಂದು ಬೆರಳಾಡಿಸಿ ನೋಡಿಯೇ ಮಕ್ಕಳ ಮುಂದಿಡಿ.

ತೂತಿನ ಬಗ್ಗೆ ಒಂದು ಮಾತು, ಇದು ತಮಾಷೆಯ ವಿಷಯವಲ್ಲ. ಪೊಳ್ಳು ಕೊಳವೆ ಕಂಡರೆ ಪಟಾಕಿ ಮದ್ದು ತುಂಬಿ ನೋಡುವ ಹುಮ್ಮಸ್ಸು ಯಾರಿಗಾದರೂ ಬರಬಹುದು. ಕಬ್ಬಿಣದ ಕೊಳವೆಯಲ್ಲಿ ಮದ್ದು ಸಿಡಿದರೆ ಹಾರುವುದು ರಾಕೆಟ್ ಅಲ್ಲ, ಕಬ್ಬಿಣದ ಚೂರು. ಪರವಾನಗಿಯಿಲ್ಲದೆ ಸ್ಫೋಟಕ ತಯಾರಿಸುವುದು 1884ರ ಸ್ಫೋಟಕ ಕಾಯ್ದೆಯಡಿ ಅಪರಾಧ ಕೂಡ. ಮರಳು ತುಂಬಿದ ಮೇಲೆ ಬಾಯಿಗೆ ಎರಡು ಸೆಂಟಿಮೀಟರ್ ಎಪಾಕ್ಸಿ ಸುರಿದು ಶಾಶ್ವತವಾಗಿ ಮುಚ್ಚಿಬಿಡಿ. ವರ್ಕ್‌ಶಾಪ್‌ನವರೇ ಇದನ್ನು ಮಾಡಿ ಕಳಿಸಬೇಕಿತ್ತು.

ಈಗ ಫಲಕ ಮತ್ತು ಪುಸ್ತಿಕೆ. ಪುಸ್ತಿಕೆ ಜಗತ್ತಿನ ಮೊದಲ ರಾಕೆಟ್ ಟಿಪ್ಪುವಿನದು ಎಂದು ಶುರುವಾಗುತ್ತದೆ. ಚೀನಾದಲ್ಲಿ ಶತಮಾನಗಳ ಮೊದಲೇ ಇತ್ತು, ಭಾರತದ ಸೈನ್ಯಗಳಲ್ಲೂ ಬಾಣ ಎಂಬ ಹೆಸರಿನಲ್ಲಿ ಬಳಕೆಯಲ್ಲಿತ್ತು. ಮೈಸೂರಿನ ಹೆಚ್ಚುಗಾರಿಕೆ ಕಬ್ಬಿಣದ ಕೊಳವೆ. ಕಾಗದದ ಅಥವಾ ಬಿದಿರಿನ ಕೊಳವೆ ತಡೆಯದ ಒತ್ತಡವನ್ನು ಅದು ತಡೆಯಿತು, ಹೆಚ್ಚು ಮದ್ದನ್ನು ಗಟ್ಟಿಯಾಗಿ ತುಂಬಬಹುದಾಯಿತು, ರಾಕೆಟ್ ಎರಡು ಕಿಲೋಮೀಟರ್ ಆಸುಪಾಸು ಹೋಗುವಂತಾಯಿತು. ಎಲ್ಲವೂ ಟಿಪ್ಪುವಿನ ಕಾಲದ್ದೂ ಅಲ್ಲ. 1780ರ ಸೆಪ್ಟೆಂಬರ್ 10ರಂದು ಕಾಂಚೀಪುರದ ಹತ್ತಿರದ ಪೊಲ್ಲಿಲೂರಿನಲ್ಲಿ, ಮೈಸೂರಿನ ರಾಕೆಟ್‌ಗಳೂ ಹಾರಿದ ಕದನದಲ್ಲಿ, ಬ್ರಿಟಿಷ್ ಕರ್ನಲ್ ಬೇಯ್ಲಿಯ ಪಡೆ ಸೋತಾಗ ರಾಜ್ಯ ಆಳುತ್ತಿದ್ದವನು ಹೈದರಾಲಿ. ಟಿಪ್ಪು ಅವನ ಕೈಕೆಳಗೆ ಕಾದಿದ. ಹೈದರ್ ಸತ್ತದ್ದು 1782ರ ಡಿಸೆಂಬರ್‌ನಲ್ಲಿ. ಮಗನ ಕಾಲದಲ್ಲಿ ಆದದ್ದು ವಿಸ್ತರಣೆ: ಸೈನ್ಯದ ಕುಶೂನ್ ಎಂಬ ಪ್ರತಿ ದಳಕ್ಕೂ ರಾಕೆಟ್‌ನವರ ತುಕಡಿ ಸೇರಿತು. ಬೆಂಗಳೂರಿನ ತಾರಾಮಂಡಲಪೇಟೆಯ ಹೆಸರು ಆ ಕಾಲದ ರಾಕೆಟ್‌ಗಳ ನೆನಪು.

ರಾಕೆಟ್‌ನಿಂದ ಬ್ರಿಟಿಷರು ಓಡಿಹೋದರು ಎಂಬ ಸಾಲನ್ನೂ ಹಾಗೇ ಬಿಡಬಾರದು. 1799ರ ಏಪ್ರಿಲ್ 5ರ ರಾತ್ರಿ ಶ್ರೀರಂಗಪಟ್ಟಣದ ಹೊರಗಿನ ಸುಲ್ತಾನಪೇಟೆ ತೋಪಿನಲ್ಲಿ ಕರ್ನಲ್ ವೆಲ್ಲೆಸ್ಲಿಯ ಪಡೆ ರಾಕೆಟ್ ಮತ್ತು ಬಂದೂಕಿನ ಹೊಡೆತಕ್ಕೆ ಚೆಲ್ಲಾಪಿಲ್ಲಿಯಾದದ್ದು ನಿಜ. ಮರುದಿನ ಬೆಳಕಿನಲ್ಲಿ ಅದೇ ತೋಪನ್ನು ಅವರು ಹಿಡಿದದ್ದೂ ನಿಜ. ಮೇ 2ರಂದು ಕೋಟೆಯೊಳಗಿನ ರಾಕೆಟ್ ಉಗ್ರಾಣಕ್ಕೆ ಗುಂಡು ತಾಗಿ ಸಿಡಿಯಿತು, ಮೇ 4ರಂದು ಕೋಟೆ ಬಿತ್ತು, ಟಿಪ್ಪು ಹೋರಾಡುತ್ತಲೇ ಸತ್ತ. ರಾಕೆಟ್‌ಗೆ ಗುರಿ ಕಡಿಮೆ. ಕುದುರೆ, ಎತ್ತು, ಗುಂಪಾಗಿ ನಿಂತ ಪಡೆ ಬೆದರುತ್ತಿದ್ದವು, ಕೋಟೆ ಗೋಡೆ ಬೀಳುತ್ತಿರಲಿಲ್ಲ. ಇಂಗ್ಲೆಂಡಿಗೆ ಸಾಗಿದ ಮಾದರಿಗಳ ಬೆನ್ನಲ್ಲೇ ಅಲ್ಲಿನ ವಿಲಿಯಂ ಕಾಂಗ್ರೀವ್ ತನ್ನ ರಾಕೆಟ್ ರೂಪಿಸಿದ. 1806ರಲ್ಲಿ ಫ್ರಾನ್ಸಿನ ಬೊಲೋನ್, 1807ರಲ್ಲಿ ಡೆನ್ಮಾರ್ಕಿನ ಕೋಪನ್‌ಹೇಗನ್ ಅವುಗಳಿಂದ ಹೊತ್ತಿ ಉರಿದವು. ಪುಸ್ತಿಕೆ ಇದನ್ನು ಕಳವು ಎನ್ನುತ್ತದೆ. ಕಾಂಗ್ರೀವ್ ಮಾಡಿದ ಪ್ರಯೋಗ, ಒಂದೇ ಅಳತೆಯಲ್ಲಿ ಸಾವಿರಗಟ್ಟಲೆ ತಯಾರಿಸಿದ ಕಾರ್ಖಾನೆಯ ಶಿಸ್ತು, ಇವನ್ನು ಮಕ್ಕಳಿಗೆ ಹೇಳದಿದ್ದರೆ ನಮ್ಮದು ಯಾಕೆ ಮುಂದುವರಿಯಲಿಲ್ಲ ಎಂಬ ಪ್ರಶ್ನೆಯೇ ಅವರಿಗೆ ಹುಟ್ಟುವುದಿಲ್ಲ.

ಇದಕ್ಕಿಂತ ನೋವಿನ ಸಂಗತಿ ಫಲಕದ್ದು. ವರ್ಕ್‌ಶಾಪ್‌ನಲ್ಲಿ ಎರಡು ಫಲಕ ತಯಾರಿವೆ. ಒಂದರಲ್ಲಿ ಟಿಪ್ಪು ಮೈಸೂರು ಹುಲಿ, ಸ್ವಾತಂತ್ರ್ಯದ ಕಿಡಿ. ಇನ್ನೊಂದರಲ್ಲಿ ಮತಾಂಧ, ಕ್ರೂರಿ. ನಿಮ್ಮ ಊರಿಗೆ, ನಿಮ್ಮ ಆಡಳಿತ ಮಂಡಳಿಗೆ ಯಾವುದು ಒಗ್ಗುತ್ತದೆ ಎಂದು ಕೇಳಿ ಅದನ್ನು ಕಟ್ಟಿಕೊಡುತ್ತಾರೆ. 2015ರಲ್ಲಿ ಸರ್ಕಾರ ಟಿಪ್ಪು ಜಯಂತಿ ಶುರು ಮಾಡಿದಾಗಿನಿಂದ 2019ರಲ್ಲಿ ನಿಲ್ಲಿಸುವವರೆಗೆ ನಾಡು ಎರಡಾಗಿ ಕೂಗಾಡಿದ್ದನ್ನು ನೋಡಿದವರಿಗೆ ಈ ವ್ಯಾಪಾರ ಅರ್ಥವಾಗುತ್ತದೆ. ಆದರೆ ಪಾಠಶಾಲೆಯೊಳಗೆ ಇದು ಬರಬಾರದು.

ಈ ಜಿಲ್ಲೆಗಳ ಮಕ್ಕಳಿಗೆ ಎರಡೂ ಮುಖ ಮನೆ ಬಾಗಿಲಲ್ಲೇ ಸಿಗುತ್ತವೆ. ತುಮಕೂರು ಜಿಲ್ಲೆಯ ಶಿರಾದಿಂದ 12,000 ಕುಟುಂಬಗಳನ್ನು ಬಲವಂತವಾಗಿ ಎಬ್ಬಿಸಿ ಶ್ರೀರಂಗಪಟ್ಟಣದ ಪಕ್ಕ ತಾನು ಕಟ್ಟಿದ ಗಂಜಾಂಗೆ ಸಾಗಿಸಿದವನು ಟಿಪ್ಪು. ಹಳೆಯ ಗೆಜೆಟಿಯರ್‌ಗಳು ಇದನ್ನು ದಾಖಲಿಸಿವೆ. ಬಂಗಾಳದಿಂದ ರೇಷ್ಮೆ ಹುಳು ತರಿಸಿ ಸಾಕಣೆಗೆ ಒತ್ತು ಕೊಟ್ಟವನೂ ಅವನೇ. ಇವತ್ತು ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆಯಲ್ಲಿ ನಿಂತವರಿಗೆ ಅದರ ಬೆಲೆ ಗೊತ್ತು. ಕೋಲಾರದಲ್ಲಿ ಹೈದರನ ತಂದೆ ಫತೇ ಮಹಮ್ಮದನ ಗೋರಿಯಿದೆ, ಬೂದಿಕೋಟೆ ಹೈದರ್ ಹುಟ್ಟಿದ ಊರು. ಟಿಪ್ಪುವಿನ ಕೈಯಲ್ಲಿದ್ದ ನಂದಿ ಬೆಟ್ಟದ ಕೋಟೆಯನ್ನು 1791ರ ಅಕ್ಟೋಬರ್ 19ರ ನಸುಕಿನಲ್ಲಿ ಬ್ರಿಟಿಷರ ಕಾರ್ನ್‌ವಾಲಿಸ್‌ನ ಸೈನ್ಯ ಏರಿ ಗೆದ್ದಿತು. ಅದೇ 1791ರಲ್ಲಿ ಮರಾಠಾ ಪಡೆಯ ಜನ ಶೃಂಗೇರಿ ಮಠವನ್ನು ಲೂಟಿ ಮಾಡಿದಾಗ ಮೂರ್ತಿಯ ಮರುಪ್ರತಿಷ್ಠೆಗೆ ಹಣ ಕಳಿಸಿ ಗುರುಗಳಿಗೆ ಕನ್ನಡದಲ್ಲಿ ಪತ್ರ ಬರೆಸಿದವನು ಟಿಪ್ಪು. ಆ ಪತ್ರಗಳು 1916ರಲ್ಲಿ ಬೆಳಕಿಗೆ ಬಂದವು. ಕೊಡಗಿನವರನ್ನು, ಮಂಗಳೂರಿನ ಕ್ರೈಸ್ತರನ್ನು ಸೆರೆ ಹಿಡಿದು ಶ್ರೀರಂಗಪಟ್ಟಣಕ್ಕೆ ಅಟ್ಟಿದವನೂ ಅವನೇ. ಮೇಲುಕೋಟೆಯ ಮಂಡ್ಯಂ ಅಯ್ಯಂಗಾರರು ತಮ್ಮವರ ಹತ್ಯೆಯ ನೆನಪಿಗೆ ಇವತ್ತಿಗೂ ನರಕ ಚತುರ್ದಶಿ ಆಚರಿಸುವುದಿಲ್ಲ. ಇಷ್ಟನ್ನೂ ಒಂದೇ ಫಲಕದಲ್ಲಿ, ಇಸವಿ ಸಮೇತ, ವಿಶೇಷಣಗಳಿಲ್ಲದೆ ಬರೆಯಲು ಜಾಗ ಸಾಲುತ್ತದೆ. ನಾಲ್ಕು ಅಡಿ ಅಗಲದ ಫ್ಲೆಕ್ಸ್, ಎದುರು ನಿಂತು ಓದುವಷ್ಟು ದಪ್ಪಕ್ಷರದಲ್ಲಿ 25 ಸಾಲು. ಮುದ್ರಣದ ಖರ್ಚು ವರ್ಕ್‌ಶಾಪ್‌ನ ಫಲಕಕ್ಕಿಂತ ಕಡಿಮೆ.

ಮೇಜಿನ ಮೇಲೆ ಜಾಗ ಉಳಿದರೆ ಒಂದು ತಟ್ಟೆಯಲ್ಲಿ ಹಳ್ಳದ ಕರಿಮರಳು, ಪಕ್ಕದಲ್ಲಿ ಒಂದು ಅಯಸ್ಕಾಂತ ಇಡಿ. ಮಧುಗಿರಿ, ಚನ್ನರಾಯನದುರ್ಗದ ಕಡೆ ಇಂಥ ಮರಳಿನಿಂದ ಕಬ್ಬಿಣ ಕರಗಿಸುವ ಕುಲುಮೆಗಳಿದ್ದವು. 1800ರಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಪರವಾಗಿ ಫ್ರಾನ್ಸಿಸ್ ಬುಕಾನನ್ ಈ ಸೀಮೆ ಸುತ್ತಿ ಅವನ್ನು ವಿವರಿಸಿದ್ದಾನೆ. ಕಾಗದದ ಕೆಳಗೆ ಅಯಸ್ಕಾಂತ ಆಡಿಸಿ ಮರಳು ಎದ್ದು ನಿಲ್ಲುವುದನ್ನು ನೋಡಿದ ಮಗುವಿಗೆ ಕೊಳವೆಯ ಕಬ್ಬಿಣ ನೆಲದಿಂದ ಬಂದದ್ದು ಎಂದು ಬಾಯಲ್ಲಿ ಹೇಳಬೇಕಿಲ್ಲ.

ಸೆಟ್ ಕೊಳ್ಳುವ ಮೊದಲು ಸಾಧ್ಯವಾದರೆ ಶಿವಮೊಗ್ಗದ ಸರ್ಕಾರಿ ವಸ್ತುಸಂಗ್ರಹಾಲಯಕ್ಕೆ ಹೋಗಿಬನ್ನಿ. ಹೊಸನಗರ ತಾಲ್ಲೂಕಿನ ನಗರದಲ್ಲಿ 2018ರಲ್ಲಿ ಪಾಳುಬಾವಿಯೊಂದರಿಂದ 1,000ಕ್ಕೂ ಹೆಚ್ಚು ರಾಕೆಟ್ ಕೊಳವೆಗಳನ್ನು ಪುರಾತತ್ವ ಇಲಾಖೆ ಹೊರತೆಗೆಯಿತು. ತುಕ್ಕು ತಿಂದ ಆ ಕೊಳವೆಯ ಮೈ ನೋಡಿದವರು ಪೌಡರ್ ಕೋಟಿಂಗ್ ಕೇಳುವುದಿಲ್ಲ.

ಆರ್ಡರ್ ಕೊಡುವಾಗ ಮೂರೇ ಮಾತು ಹೇಳಿ: ಕೋಟಿಂಗ್ ಬೇಡ, ಬಿದಿರು ಬೇಡ, ಫಲಕ ಬೇಡ. ಫಲಕ, ಪುಸ್ತಿಕೆ, ಬಿದಿರು ಬಿಟ್ಟರೆ 5,200 ರೂಪಾಯಿಗೆ ಇಳಿಸಿಕೊಡುತ್ತಾರೆ. ಮಾಡಿಕೊಡಲು ಹತ್ತು ದಿನ ಹಿಡಿಯುತ್ತದೆ. ನವೆಂಬರ್ ಪ್ರದರ್ಶನಕ್ಕೆ ಬೇಕಾದವರು ಚರ್ಮ ಒಣಗುವ ದಿನಗಳನ್ನೂ ಸೇರಿಸಿ ದಸರಾ ರಜೆಗೆ ಮೊದಲೇ ಹೇಳಿಡಬೇಕು.