ಎತ್ತರ ಹಿಡಿಯುವ ಅಭ್ಯಾಸಕ್ಕೆ ಎಕ್ಸ್-ಪ್ಲೇನ್ 12: ಕಣ್ಣಿಗೆ ಒಳ್ಳೆಯ ಗುರು, ಕೈಗೆ ಅಷ್ಟಲ್ಲ

ಇನ್‌ಸ್ಟ್ರುಮೆಂಟ್ ರೇಟಿಂಗ್‌ಗೆ (ಹೊರಗೆ ಏನೂ ಕಾಣದಾಗ ಉಪಕರಣ ನೋಡಿಯೇ ಹಾರಿಸುವ ಪೈಲಟ್ ಅರ್ಹತೆ) ತಯಾರಾಗುತ್ತಿರುವವರು ಮನೆಯ ಅಭ್ಯಾಸಕ್ಕೆ ಲ್ಯಾಮಿನಾರ್ ರಿಸರ್ಚ್‌ನ ಕಂಪ್ಯೂಟರ್ ಫ್ಲೈಟ್ ಸಿಮ್ಯುಲೇಟರ್ ಎಕ್ಸ್-ಪ್ಲೇನ್ 12 ಕೊಳ್ಳಬಹುದೇ? ಎತ್ತರ ಹಿಡಿಯುವುದೊಂದನ್ನೇ, ಅಂದರೆ ಏರಿಳಿಯದೆ ಒಂದೇ ಎತ್ತರದಲ್ಲಿ ಹಾರುವುದನ್ನೇ ನೋಡಿದರೆ, ಖಂಡಿತ ಕೊಳ್ಳಬಹುದು. ಆದರೆ ಸೆಟ್ಟಿಂಗ್ ಸರಿಪಡಿಸದೆ ಹಾರಿಸಿದರೆ ಕೆಟ್ಟ ಚಾಳಿ ಅಂಟಿಕೊಳ್ಳುತ್ತದೆ.

ಜೊತೆಗೇ ಬರುವ ಸೆಸ್ನಾ 172ರಲ್ಲಿ ಮುಳ್ಳಿನ ಉಪಕರಣಗಳ ಪ್ಯಾನೆಲ್ಲೂ ಇದೆ, ಜಿ1000 ಎಂಬ ಡಿಜಿಟಲ್ ಪರದೆಯ ಪ್ಯಾನೆಲ್ ಕೂಡ ಇದೆ. ಮೊದಲು ಮುಳ್ಳಿನದ್ದನ್ನೇ ಆರಿಸಿ. ದಟ್ಟ ಮೋಡದ ಪದರ ಹಾಕಿ, ಅದರೊಳಗೆ 4000 ಅಡಿಯಲ್ಲಿ ನೇರ ಹಾರಿಸಿ. ಆಲ್ಟಿಮೀಟರ್ (ಎತ್ತರಮಾಪಕ) 60 ಅಡಿ ಕೆಳಗೆ ತೋರಿಸಿದರೆ, ಆಟಿಟ್ಯೂಡ್ ಇಂಡಿಕೇಟರಿನ (ಮೂಗು, ರೆಕ್ಕೆಗಳ ಓರೆ ತೋರಿಸುವ ಉಪಕರಣ) ಪುಟ್ಟ ವಿಮಾನವನ್ನು ಅದರ ಪಟ್ಟಿಯ ಅರ್ಧ ದಪ್ಪದಷ್ಟು ಎತ್ತಿದರೆ ಸಾಕು. ವ್ಯತ್ಯಾಸ 100 ಅಡಿ ದಾಟಿದ್ದರೆ ಮೊದಲಿಗೆ ಒಂದು ಪೂರ್ತಿ ಪಟ್ಟಿ. ವಿಎಸ್‌ಐ (ಏರುವ, ಇಳಿಯುವ ವೇಗ ತೋರಿಸುವ ಉಪಕರಣ) ದರ ತಪ್ಪಿದ ಅಡಿಯ ಎರಡರಷ್ಟಿರಲಿ: 100 ಅಡಿಗೆ ನಿಮಿಷಕ್ಕೆ 200 ಅಡಿ. ಆ ದರದ ಹತ್ತನೇ ಒಂದು ಪಾಲು, ಅಂದರೆ 20 ಅಡಿ ಬಾಕಿ ಇರುವಾಗಲೇ ಮೂಗನ್ನು ಮಟ್ಟಕ್ಕೆ ತನ್ನಿ. ವಿಎಸ್‌ಐ ಮುಳ್ಳು ತಡವಾಗಿ ಸ್ಥಿರಗೊಳ್ಳುತ್ತದೆ. ಅದನ್ನೇ ಬೆನ್ನಟ್ಟಿದರೆ ವಿಮಾನ ಏಳುತ್ತ ಬೀಳುತ್ತ ಹೋಗುತ್ತದೆ. ಈ ತಪ್ಪನ್ನು ಎಕ್ಸ್-ಪ್ಲೇನ್ ಚೆನ್ನಾಗಿ ಬಯಲು ಮಾಡುತ್ತದೆ.

ಮುಖ್ಯ ತೊಂದರೆ ಟ್ರಿಮ್, ಅಂದರೆ ಕೈಯ ಒತ್ತಡವಿಲ್ಲದೆಯೇ ಮೂಗು ಇದ್ದಲ್ಲೇ ನಿಲ್ಲುವಂತೆ ಮಾಡುವ ವ್ಯವಸ್ಥೆ. ನಿಜವಾದ ವಿಮಾನದಲ್ಲಿ ಯೋಕ್ (ವಿಮಾನ ನಡೆಸುವ ಹಿಡಿಕೆ) ಮೇಲಿನ ಒತ್ತಡ ಮಾಯವಾಗುವವರೆಗೆ ಟ್ರಿಮ್ ಚಕ್ರ ತಿರುಗಿಸುತ್ತೀರಿ, ಯೋಕ್ ಇದ್ದಲ್ಲೇ ಇರುತ್ತದೆ. ಸ್ಪ್ರಿಂಗ್ ಇರುವ ಜಾಯ್‌ಸ್ಟಿಕ್‌ಗೆ ಈ ಒತ್ತಡವೇ ತಿಳಿಯದು. ಕೈ ಬಿಟ್ಟೊಡನೆ ಅದು ನಡುವಿಗೆ ಓಡುತ್ತದೆ, ಮೂಗು ಕುಣಿಯುತ್ತದೆ. ಉಪಾಯ ಒಂದೇ: ಟ್ರಿಮ್ ಬಟನ್ ಒತ್ತುತ್ತ, ಪುಟ್ಟ ವಿಮಾನ ಕದಲದಂತೆ ಸ್ಟಿಕ್ಕನ್ನು ನಿಧಾನವಾಗಿ ನಡುವಿಗೆ ಬಿಡುತ್ತ ಬನ್ನಿ. ಬಟನ್ನಿನ ಒಂದೊಂದು ಒತ್ತಿಗೂ ಟ್ರಿಮ್ ಜಾಸ್ತಿ ಸರಿದರೆ ಪ್ರತ್ಯೇಕ ಟ್ರಿಮ್ ಚಕ್ರವೊಂದನ್ನು ಜೋಡಿಸುವುದು ದುಡ್ಡಿಗೆ ಮೋಸವಲ್ಲ.

ಕಂಟ್ರೋಲ್ ಸೆನ್ಸಿಟಿವಿಟಿ ಪುಟದಲ್ಲಿ ಸ್ಟೆಬಿಲಿಟಿ ಆಗ್‌ಮೆಂಟೇಶನ್ ಸೊನ್ನೆಯಲ್ಲಿದೆಯೇ ಎಂದು ನೋಡಿ. ಇಲ್ಲದಿದ್ದರೆ ವಿಮಾನದ ಅಲುಗಾಟವನ್ನು ಸಾಫ್ಟ್‌ವೇರೇ ತಡೆಯುತ್ತದೆ, ನಿಮ್ಮ ಕೈ ಪಳಗಿದೆ ಎಂಬ ಭ್ರಮೆ ಹುಟ್ಟುತ್ತದೆ. ಪಿಚ್ ರೆಸ್ಪಾನ್ಸ್ ಕರ್ವ್ (ಸ್ಟಿಕ್ ಎಷ್ಟು ಸರಿದರೆ ಮೂಗು ಎಷ್ಟು ಏರಿಳಿಯಬೇಕು ಎಂಬ ಗೆರೆ) ಸ್ವಲ್ಪ ಬಾಗಿಸಿದರೆ ನಡುಭಾಗದಲ್ಲಿ ಅರ್ಧ ಪಟ್ಟಿಯಷ್ಟು ಸೂಕ್ಷ್ಮ ಚಲನೆ ಸಾಧ್ಯವಾಗುತ್ತದೆ.

ನಮಗೆ ತುಂಬ ಹಿಡಿಸಿದ್ದು ಹಾರಾಟದ ಅಂಕಿಅಂಶ ಕೊಡುವ ಡೇಟಾ ಔಟ್‌ಪುಟ್ ಪುಟ. ಎತ್ತರದ ಸಾಲಿಗೆ ಡಿಸ್ಕ್ ಟಿಕ್ ಹಾಕಿ ಹಾರಿಸಿದರೆ ಪಠ್ಯ ಫೈಲಿನಲ್ಲಿ ಎಲ್ಲವೂ ದಾಖಲಾಗುತ್ತದೆ. ಅದನ್ನು ಗ್ರಾಫ್ ಮಾಡಿ ನೋಡಿ: ಅಮೆರಿಕದ ಇನ್‌ಸ್ಟ್ರುಮೆಂಟ್ ರೇಟಿಂಗ್ ಪರೀಕ್ಷೆಯ ಮಿತಿ ಮೇಲೆ ಕೆಳಗೆ 100 ಅಡಿ. ಬಹುಪಾಲು ತಪ್ಪು ವಿಮಾನವನ್ನು ತಿರುವಿಗೆ ವಾಲಿಸುವಾಗ ಮತ್ತು ಹೊರಬರುವಾಗಲೇ ಕಾಣುತ್ತದೆ. ವಾಲಿಸುವಾಗ ಲಂಬ ಲಿಫ್ಟ್ (ರೆಕ್ಕೆಗಳು ಮೇಲಕ್ಕೆ ಎತ್ತುವ ಬಲ) ಕುಗ್ಗಿ ಮೂಗು ಇಳಿಯುತ್ತದೆ, ಹೊರಬರುವಾಗ ಮೂಗೆತ್ತಲು ಹಾಕಿದ ಒತ್ತಡ ಬಿಡದಿದ್ದರೆ ವಿಮಾನ ಮೇಲೇರುತ್ತದೆ.

ಪರದೆ ಚಿಕ್ಕದಿದ್ದರೆ ಮುಳ್ಳು ಓದಲು ಕಷ್ಟ, ಪ್ಯಾನೆಲ್ಲನ್ನು ಹತ್ತಿರ ಎಳೆದುಕೊಳ್ಳಿ. ಮನೆಯ ಜಾಯ್‌ಸ್ಟಿಕ್ ಸೆಟಪ್‌ನ ಗಂಟೆಗಳು ಪೈಲಟ್‌ನ ಹಾರಾಟದ ಗಂಟೆ ದಾಖಲಿಸುವ ಲಾಗ್‌ಬುಕ್‌ಗೆ ಸೇರುವುದಿಲ್ಲ.

ಬೇಕೆಂದೇ ಉಪಕರಣ ಕೆಡಿಸುವ ಫೇಲ್ಯೂರ್ ಪುಟವನ್ನು ಕೊನೆಗೆ ತೆರೆಯಿರಿ. ಸ್ಟಾಟಿಕ್ ಪೋರ್ಟ್ (ಹೊರಗಿನ ಗಾಳಿಯ ಒತ್ತಡವನ್ನು ಉಪಕರಣಗಳಿಗೆ ತಲುಪಿಸುವ ರಂಧ್ರ) ಮುಚ್ಚಿಸಿದರೆ ಆಲ್ಟಿಮೀಟರ್ ಇದ್ದಲ್ಲೇ ನಿಲ್ಲುತ್ತದೆ, ವಿಎಸ್‌ಐ ಸೊನ್ನೆ ತೋರಿಸುತ್ತದೆ. ಎತ್ತರ ಅಚ್ಚುಕಟ್ಟಾಗಿ ಹಿಡಿದಂತೆಯೇ ಕಾಣುತ್ತದೆ! ಆಟಿಟ್ಯೂಡ್, ಪವರ್, ಏರ್‌ಸ್ಪೀಡ್ ಮೂರೂ ಪರಸ್ಪರ ತಾಳೆಯಾಗುತ್ತಿಲ್ಲ ಎಂದು ಗಮನಿಸಿ, ಆಲ್ಟರ್ನೇಟ್ ಸ್ಟಾಟಿಕ್ (ಆ ಒತ್ತಡದ ಬದಲಿ ದಾರಿ) ತೆರೆಯುವಷ್ಟು ನಿಮ್ಮ ಸ್ಕ್ಯಾನ್ (ಉಪಕರಣಗಳ ಮೇಲೆ ಕಣ್ಣಾಡಿಸುವುದು) ಹರಿತವಾಗಿದೆಯೇ ಎಂಬುದು ಆಗ ಗೊತ್ತಾಗುತ್ತದೆ.