ನಾಯಿಯ ಕಿವಿಗೆ ಹೊಕ್ಕ ಹುಲ್ಲಿನ ಊಬು: ಧಾರವಾಡದ ಒಂದು ಪಶು ಚಿಕಿತ್ಸಾಲಯದ ಸೇವೆಯ ಬಗ್ಗೆ

ಧಾರವಾಡದ ಸಾಧನಕೇರಿ ಭಾಗದಲ್ಲಿರುವ ಈ ಸಣ್ಣ ಖಾಸಗಿ ಪಶು ಚಿಕಿತ್ಸಾಲಯವನ್ನು ನಾನು ಮೆಚ್ಚಿಕೊಳ್ಳಲು ಮುಖ್ಯ ಕಾರಣವೆಂದರೆ, ಇಲ್ಲಿನ ವೈದ್ಯರು ನಾಯಿಯ ಕಿವಿಯನ್ನು ತಮಟೆಯವರೆಗೂ ನೋಡದೆ ಒಂದು ಹನಿ ಔಷಧಿಯನ್ನೂ ಒಳಗೆ ಬಿಡುವುದಿಲ್ಲ. ಕೇಳಲು ಇದು ಸಣ್ಣ ಸಂಗತಿ ಎನಿಸಬಹುದು. ಆದರೆ ಹುಲ್ಲಿನ ಊಬು (ತೆನೆಯಿಂದ ಉದುರುವ ಚೂಪು ತುದಿಯ, ಬಾಲವಿರುವ ಬೀಜ) ಹೊಕ್ಕ ಕಿವಿಯ ಚಿಕಿತ್ಸೆ ಸರಿಹೋಗುವುದೂ ಕೆಡುವುದೂ ಬಹುಮಟ್ಟಿಗೆ ಈ ಒಂದು ನಿಯಮದ ಮೇಲೆಯೇ ನಿಂತಿದೆ.

ಮುಂಗಾರು ಹಿಂದೆ ಸರಿದು ಅಕ್ಟೋಬರ್, ನವೆಂಬರ್ ಬಂತೆಂದರೆ ನಮ್ಮ ಕಡೆಯ ಗುಡ್ಡದ ಇಳಿಜಾರು, ಹೊಲದ ಬದು, ಖಾಲಿ ನಿವೇಶನಗಳಲ್ಲೆಲ್ಲ ಹುಲ್ಲಿನ ತೆನೆ ಬಲಿತು ಒಣಗತೊಡಗುತ್ತದೆ. ಕೆಲಗೇರಿ ಕೆರೆಯ ಸುತ್ತ ನಡೆದು ಬಂದವರ ಪೈಜಾಮದ ಅಂಚಿಗೆ ಚುಚ್ಚಿಕೊಂಡು ಬರುವುದೂ ಇವೇ ಊಬುಗಳು. ಸಸ್ಯಶಾಸ್ತ್ರಜ್ಞರು ಹೆಟೆರೊಪೋಗಾನ್ ಕಾಂಟಾರ್ಟಸ್ ಎಂದು ಕರೆಯುವ ಹುಲ್ಲಿನ ಬೀಜವನ್ನು ಕೈಯಲ್ಲಿ ಹಿಡಿದು ನೋಡಿದರೆ ಅದು ಎಷ್ಟು ಅಪಾಯಕಾರಿ ಎಂಬುದು ತಿಳಿಯುತ್ತದೆ: ತುದಿ ಸೂಜಿಯಷ್ಟು ಚೂಪು, ಅದರ ಮೇಲೆ ಹಿಮ್ಮುಖವಾಗಿ ಬಾಗಿದ ಬಿರುಸು ರೋಮ, ಹಿಂದೆ ಕಪ್ಪಗಿನ ಉದ್ದನೆಯ ಬಾಲ. ತೇವ ತಾಗಿದಾಗ ಬಾಲದ ಹುರಿ ಬಿಚ್ಚಿಕೊಳ್ಳುತ್ತದೆ, ಒಣಗಿದಾಗ ಮತ್ತೆ ಹುರಿಗೊಳ್ಳುತ್ತದೆ. ಹೀಗೆ ತಿರುಗುತ್ತ ತಿರುಗುತ್ತ ಬೀಜವು ಮಣ್ಣಿನೊಳಗೆ ತಾನಾಗಿ ಇಳಿಯುತ್ತದೆ. ಅದೇ ರಚನೆಯ ಬೀಜ ನಾಯಿಯ ಕಿವಿಯನ್ನು ಹೊಕ್ಕರೆ ಗಾಳದ ಕೊಕ್ಕೆಯಂತೆ ಮುಂದಕ್ಕೆ ಹೋಗಬಲ್ಲುದೇ ಹೊರತು ಹಿಂದಕ್ಕೆ ಬರಲಾರದು. ನಾಯಿ ತಲೆ ಕೊಡವಿದಷ್ಟೂ ಅದು ಒಳಗೆ ಸರಿಯುತ್ತದೆ.

ನಮ್ಮ ರಾಣಿ ಕಾಕರ್ ಸ್ಪ್ಯಾನಿಯಲ್ ತಳಿಯವಳು. ಜೋಲುಬಿದ್ದ, ಒಳಮೈಯಲ್ಲೂ ದಟ್ಟ ಕೂದಲಿರುವ ಅವಳ ಕಿವಿ ನೆಲದ ಹುಲ್ಲನ್ನು ಗುಡಿಸುತ್ತಲೇ ಸಾಗುತ್ತದೆ. ಸಂಜೆಯ ತಿರುಗಾಟ ಮುಗಿಸಿ ಬಂದವಳು ಒಮ್ಮೆಲೇ ತಲೆ ಕೊಡವತೊಡಗಿ, ಬಲಗಡೆಗೆ ತಲೆ ವಾಲಿಸಿ, ಕಿವಿಯ ಬುಡ ಮುಟ್ಟಿದರೆ ಕಿರುಚತೊಡಗಿದಳು. ಕಿವಿಯ ಸಾಮಾನ್ಯ ಸೋಂಕು ದಿನದಿಂದ ದಿನಕ್ಕೆ ಹೆಚ್ಚುತ್ತ, ವಾಸನೆಯಿಂದಲೋ ಕಸದಿಂದಲೋ ಸುಳಿವು ಕೊಡುವುದುಂಟು. ಊಬಿನ ನೋವು ಹಾಗಲ್ಲ, ಒಂದು ಗಳಿಗೆಯಲ್ಲಿ ಶುರುವಾಗುತ್ತದೆ, ಹೆಚ್ಚಾಗಿ ಒಂದೇ ಕಿವಿಯಲ್ಲಿ. ಮೊದಲು ತೋರಿಸಿದ ಬೇರೊಂದು ಕಡೆ ಕಿವಿಯ ಹಾಳೆಯನ್ನು ಎತ್ತಿ, ಕಿವಿನಾಳದ ಬಾಯಿಗೆ ಬೆಳಕು ಹಾಯಿಸಿ, ಏನೂ ಕಾಣುವುದಿಲ್ಲವೆಂದು ಹೇಳಿ ಹನಿಮದ್ದು ಬರೆದುಕೊಟ್ಟಿದ್ದರು. ನಾಯಿಯ ಕಿವಿನಾಳ ನಮ್ಮದರಂತೆ ನೇರವಾಗಿಲ್ಲ. ಕೆಳಗೆ ಇಳಿದು ಆಮೇಲೆ ಒಳಗಡೆಗೆ ಅಡ್ಡಲಾಗಿ ತಿರುಗುತ್ತದೆ, ತಮಟೆ ಇರುವುದು ಆ ತಿರುವಿನಾಚೆ. ಹೊರಗಿನಿಂದ ಏನೂ ಕಾಣದಿರುವುದು ಒಳಗೆ ಏನೂ ಇಲ್ಲ ಎಂಬುದಕ್ಕೆ ಆಧಾರವಾಗಲಾರದು.

ಈ ಚಿಕಿತ್ಸಾಲಯದಲ್ಲಿ ನಡೆದ ಕೆಲಸದ ಕ್ರಮವನ್ನು ವಿವರವಾಗಿಯೇ ಹೇಳುತ್ತೇನೆ. ವೈದ್ಯರು ನಮ್ಮ ಕೈಯಲ್ಲಿದ್ದ ಹನಿಮದ್ದಿನ ಶೀಷೆಯನ್ನು ನೋಡಿ, "ಇದನ್ನ ಸದ್ಯ ನಿಲ್ಲಸ್ರಿ, ಮೊದಲ ಒಳಗ ನೋಡೂಣು" ಎಂದರು. ತಮಟೆ ಹರಿದಿದ್ದರೆ ಜೆಂಟಾಮೈಸಿನ್ ಎಂಬ ಪ್ರತಿಜೀವಕದಂಥ ಕೆಲವು ಔಷಧಿಗಳು ನಡುಗಿವಿಗೆ ಇಳಿದು ಶ್ರವಣಶಕ್ತಿಗೂ ದೇಹದ ಸಮತೋಲನಕ್ಕೂ ಹಾನಿ ಮಾಡಬಹುದು ಎಂಬ ಕಾರಣವನ್ನು ಅವಸರವಿಲ್ಲದೆ ತಿಳಿಸಿದರು. ಎಚ್ಚರವಿದ್ದಾಗಲೇ ಆಟೋಸ್ಕೋಪ್ (ಕಿವಿಯೊಳಗೆ ನೋಡುವ ಬೆಳಕಿನ ಉಪಕರಣ) ಇಟ್ಟು ನೋಡಲು ಒಮ್ಮೆ ಪ್ರಯತ್ನಿಸಿದರು. ರಾಣಿ ಒದ್ದಾಡಿದೊಡನೆ ಕೈಬಿಟ್ಟರು. ನಾಲ್ಕು ಜನ ಅದುಮಿ ಹಿಡಿದು ಕೆಲಸ ಮುಗಿಸುವ ಪದ್ಧತಿ ಇಲ್ಲಿ ಇಲ್ಲ, ಇದನ್ನು ನಾನು ಬಹಳ ಗೌರವಿಸುತ್ತೇನೆ. ಕೊನೆಯ ಸಲ ಉಂಡದ್ದು ಯಾವಾಗ ಎಂದು ಕೇಳಿ, ತೂಕ ನೋಡಿ, ಎದೆಬಡಿತ ಪರೀಕ್ಷಿಸಿ, ಮಂಪರು ಬರಿಸುವ ಚುಚ್ಚುಮದ್ದಿನಲ್ಲಿರುವ ಅಪಾಯವನ್ನೂ ವಿವರಿಸಿ ನಮ್ಮ ಸಹಿ ಪಡೆದ ಮೇಲೆಯೇ ಮುಂದುವರಿದರು.

ಅವಳು ಮಲಗಿದ ಮೇಲೆ ಉದ್ದನೆಯ ಸಪೂರ ಚಿಮಟದಿಂದ, ಆಟೋಸ್ಕೋಪಿನ ಕೊಳವೆಯೊಳಗೆ ನೋಡುತ್ತಲೇ, ತಿರುವಿನ ಬಳಿ ನಾಟಿದ್ದ ಊಬನ್ನು ಹಿಡಿದು ನಿಧಾನವಾಗಿ ಎಳೆದರು. ಬಹಳ ಜನ ಅಲ್ಲಿಗೇ ನಿಲ್ಲಿಸುತ್ತಾರೆ. ಇವರು ಮತ್ತೆ ಒಳಗೆ ನೋಡಿದರು. ಮೇಣದಡಿಯಲ್ಲಿ ಇನ್ನೊಂದು ಊಬಿನ ಮುರಿದ ತುಂಡು ಸಿಕ್ಕಿತು. ಎಡಗಿವಿಯನ್ನೂ ಪರೀಕ್ಷಿಸಿ ಅದು ಶುದ್ಧವಾಗಿದೆ ಎಂದು ಖಚಿತಪಡಿಸಿಕೊಂಡರು. ತಮಟೆ ಹರಿದಿಲ್ಲವೆಂದು ಗೊತ್ತಾದ ನಂತರ ಕಿವಿಯನ್ನು ತೊಳೆದು, ಮೊದಲೇ ತೆಗೆದಿಟ್ಟಿದ್ದ ಕಸವನ್ನು ಗಾಜಿನ ಸ್ಲೈಡಿಗೆ ಸವರಿ ಸೂಕ್ಷ್ಮದರ್ಶಕದಲ್ಲಿ ನೋಡಿ, ಯೀಸ್ಟ್ ಎಂಬ ಶಿಲೀಂಧ್ರ ಹೆಚ್ಚಾಗಿರುವುದರಿಂದ ಅದಕ್ಕೆ ತಕ್ಕ ಔಷಧಿಯನ್ನು ಬರೆದರು. ತೆಗೆದ ಎರಡನ್ನೂ ತಟ್ಟೆಯಲ್ಲಿಟ್ಟು ನಮಗೆ ತೋರಿಸಿದರು. ಊಬು ಸಸ್ಯದ ವಸ್ತುವಾದ್ದರಿಂದ ಸಾಮಾನ್ಯ ಎಕ್ಸ್-ರೇಯಲ್ಲಿ ಕಾಣಿಸುವುದಿಲ್ಲ. ಆದ್ದರಿಂದ ಹೀಗೆ ಕಣ್ಣಾರೆ ನೋಡಿ ತೆಗೆಯುವ ತಾಳ್ಮೆಗೆ ಬದಲಿ ಇಲ್ಲ.

ಕೊರತೆಗಳೂ ಇವೆ. ಕಾಯುವ ಜಾಗ ಇಕ್ಕಟ್ಟಾಗಿದ್ದು, ಬೆಕ್ಕು ನಾಯಿಗಳನ್ನು ಒಟ್ಟಿಗೇ ಕೂರಿಸಬೇಕಾಗುತ್ತದೆ. ಸಂಜೆ ದೂರವಾಣಿಗೆ ಉತ್ತರ ಸಿಗುವುದು ಕಷ್ಟ. ಒಟ್ಟು ಮೊತ್ತವನ್ನಷ್ಟೇ ಬರೆಯುವ ರಸೀದಿಯಲ್ಲಿ ಮಂಪರಿಗೆಷ್ಟು, ತಪಾಸಣೆಗೆಷ್ಟು ಎಂದು ಬಿಡಿಸಿ ಕಾಣಿಸಿದ್ದರೆ ಚೆನ್ನಾಗಿತ್ತು. ಕ್ಯಾಮೆರಾ ಇರುವ ಆಟೋಸ್ಕೋಪ್ ಇಲ್ಲಿಲ್ಲ. ತಮಟೆ ದಾಟಿದ ಊಬನ್ನು ತಾವು ಮುಟ್ಟುವುದಿಲ್ಲ, ಹೆಚ್ಚಿನ ಸೌಲಭ್ಯವಿರುವ ಕಡೆಗೆ ಕಳಿಸುತ್ತೇವೆ ಎಂದು ವೈದ್ಯರು ನೇರವಾಗಿಯೇ ಹೇಳಿದರು. ಈ ಕೊನೆಯದನ್ನು ನಾನು ಕೊರತೆಗಿಂತ ಪ್ರಾಮಾಣಿಕತೆಯ ಲೆಕ್ಕಕ್ಕೇ ಸೇರಿಸುತ್ತೇನೆ.

ಮನೆಯಲ್ಲಿ ಮಾಡಬೇಕಾದುದರ ಬಗ್ಗೆ ಅವರು ಕೊಟ್ಟ ಸಲಹೆ ಬಹಳ ಉಪಯುಕ್ತವಾಗಿತ್ತು. ಹುಲ್ಲು ಒಣಗುವ ತಿಂಗಳುಗಳಲ್ಲಿ ಕಿವಿಯ ಒಳಮೈ ಮತ್ತು ಕಿವಿನಾಳದ ಬಾಯಿಯ ಸುತ್ತಲಿನ ಕೂದಲನ್ನು ಗಿಡ್ಡವಾಗಿ ಕತ್ತರಿಸಿಡಬೇಕು. ಹೊರಗಿನಿಂದ ಬಂದ ಕೂಡಲೇ ಬಾಚಣಿಕೆ ಆಡಿಸಿ ಕಿವಿ, ಬೆರಳ ಸಂದು, ಕಂಕುಳು, ಕಣ್ಣಿನ ಅಂಚು ನೋಡಬೇಕು. ಬೆರಳ ಸಂದಿಯ ಚರ್ಮದೊಳಗೆ ಹೊಕ್ಕ ಊಬು ಬಾವು ಬರಿಸಿ, ಅಲ್ಲಿಂದ ಮೇಲಕ್ಕೂ ಸಾಗಬಲ್ಲುದು. ಕೂದಲಿನ ಮೇಲೆ ಕಾಣುವ ಊಬನ್ನು ಕೈಯಿಂದ ತೆಗೆಯಬಹುದು. ನಾಳದೊಳಗೆ ಇಳಿದದ್ದಕ್ಕೆ ಮಾತ್ರ ಇಯರ್ ಬಡ್ ಹಾಕಬಾರದು, ಅದು ಊಬನ್ನು ಇನ್ನೂ ಒಳಗೆ ನೂಕುತ್ತದೆ. ಕೊಬ್ಬರಿ ಎಣ್ಣೆ ಬಿಡುವುದೂ ಬೇಡವೆಂದರು: ಆಮೇಲೆ ನೋಡುವವರಿಗೆ ಏನೂ ಸರಿಯಾಗಿ ಕಾಣದು, ತಮಟೆ ಹರಿದಿದ್ದರೆ ಎಣ್ಣೆ ನಡುಗಿವಿಗೆ ಇಳಿಯುತ್ತದೆ. ಬೆಳಗಿನವರೆಗೆ ಕಾಯಲೇಬೇಕಾದರೆ ಕಿವಿ ಕೆರೆಯದಂತೆ ಕೊರಳಿಗೆ ತಲೆಯ ಸುತ್ತ ನಿಲ್ಲುವ ಕೊಳವೆಯಾಕಾರದ ಕಾಲರ್ ತೊಡಿಸುವುದು ಒಳ್ಳೆಯದು, ಏಕೆಂದರೆ ಕೆರೆತ ಮತ್ತು ಕೊಡವುವಿಕೆಯಿಂದ ಕಿವಿಯ ಹಾಳೆಯಲ್ಲಿ ರಕ್ತನಾಳ ಒಡೆದು ರಕ್ತ ತುಂಬಿಕೊಳ್ಳುವುದುಂಟು, ಅದಕ್ಕೆ ಶಸ್ತ್ರಚಿಕಿತ್ಸೆಯೇ ಬೇಕಾಗಬಹುದು.

ಮರುತಪಾಸಣೆಗೆ ಅರ್ಧ ಶುಲ್ಕವಷ್ಟೇ ತೆಗೆದುಕೊಂಡರು ಮತ್ತು ಆಗಲೂ ತಮಟೆಯವರೆಗೆ ನೋಡಿದ ಮೇಲೆಯೇ ಔಷಧಿ ನಿಲ್ಲಿಸಲು ಹೇಳಿದರು. ಹುಬ್ಬಳ್ಳಿಯಿಂದಲೋ ಹಾವೇರಿಯಿಂದಲೋ ನಾಯಿಯನ್ನು ಕರೆತರುವವರು ಬೆಳಿಗ್ಗೆಯೇ ಫೋನ್ ಮಾಡಿ, ಹೊಟ್ಟೆಗೆ ಏನು ಕೊಡಬಹುದು, ಏನು ಕೊಡಬಾರದು ಎಂದು ಕೇಳಿಕೊಂಡೇ ಹೊರಡಿ. ಉಂಡ ನಾಯಿಗೆ ಇವರು ಮಂಪರು ಕೊಡುವುದಿಲ್ಲ, ಊಬು ತೆಗೆಯುವ ಕೆಲಸವನ್ನು ಮಧ್ಯಾಹ್ನದೊಳಗೇ ಮುಗಿಸುತ್ತಾರೆ.