ಮುಲುಂಡ್‌ನ ಕೇಬಲ್‌ನವರ ಫೈಬರ್, ಜೊತೆಗೆ ಮೊಬೈಲ್ ಡೇಟಾ: ನಮ್ಮ ಮನೆಯ ಲೆಕ್ಕ

ಮುಂಬೈಯ ಮುಲುಂಡ್ ಪಶ್ಚಿಮದ ಹಳೇ ಸೊಸೈಟಿಯಲ್ಲಿ ನಮ್ಮ ಮನೆ. ನಾನು ಮನೆಯಲ್ಲೇ ಕೂತು ನಮ್ಮೂರಿನವರ ಸಣ್ಣ ಹೋಟೆಲುಗಳ ಜಿಎಸ್‌ಟಿ ಲೆಕ್ಕ ನೋಡುತ್ತೇನೆ. ಮಗಳಿಗೆ ಆನ್‌ಲೈನ್ ಕ್ಲಾಸು, ಅತ್ತೆಗೆ ಸಂಜೆ ಯೂಟ್ಯೂಬಲ್ಲಿ ಯಕ್ಷಗಾನ. ಎಲ್ಲರೂ ದಿನಕ್ಕೆ 2 ಜಿಬಿಯ ಮೊಬೈಲ್ ಪ್ಯಾಕಲ್ಲೇ ಕಾಲ ತಳ್ಳುತ್ತಿದ್ದೆವು. 2024ರ ಜುಲೈನಲ್ಲಿ ಮೊಬೈಲ್ ದರ ಏರಿತಲ್ವಾ, ಆಗ ನಮ್ಮ ಗಲ್ಲಿಯ ಕೇಬಲ್‌ನವರ 100 ಎಂಬಿಪಿಎಸ್ ಸ್ಪೀಡಿನ ಫೈಬರ್ ಇಂಟರ್ನೆಟ್ ಹಾಕಿಸಿದೆವು. ಮನೆಯವರ ಮೊಬೈಲ್ ಪ್ಯಾಕುಗಳನ್ನು ಚಿಕ್ಕದು ಮಾಡಿದೆವು. ನನ್ನದೊಂದು ಮಾತ್ರ ದೊಡ್ಡದೇ ಉಳಿಯಿತು.

ಸ್ಪೀಡ್ ಬಗ್ಗೆ ದೂರಿಲ್ಲ. ರೂಟರ್ ಎರಡು ಬಗೆಯ ವೈಫೈ ಕೊಡುತ್ತದೆ: ಪಕ್ಕದ ಹಾಲ್‌ನಲ್ಲಿ 5 ಗಿಗಾಹರ್ಟ್ಸಿನದು ಜೋರಾಗಿ ಓಡುತ್ತದೆ. ಗೋಡೆ ದಾಟಿ ಒಳಕೋಣೆಗೆ ಹೋದರೆ 2.4 ಗಿಗಾಹರ್ಟ್ಸೇ ವಾಸಿ.

ಈ ಕೇಬಲ್‌ನವರನ್ನು ಹೊಗಳಬೇಕಾದ್ದು ರಿಪೇರಿಗೆ. ಮಳೆಗಾಲದಲ್ಲಿ ಒಮ್ಮೆ ಫೈಬರ್ ಬಂದು ಸೇರುವ ಡಬ್ಬಿಯಲ್ಲಿ ಎಲ್‌ಓಎಸ್ ದೀಪ ಕೆಂಪಗೆ ಮಿಟುಕತೊಡಗಿತು. ಅಂದರೆ ಒಳಗೆ ಬೆಳಕೇ ಬರುತ್ತಿಲ್ಲ. ಲೈನಿನ ಹುಡುಗ ಬಂದು ಕೇಬಲ್ ತುದಿಗೆ ಪೆನ್ನಿನಂಥ ಕೆಂಪು ಲೇಸರ್ ಹಿಡಿದ. ಟೆರೇಸಿನಲ್ಲಿ ಟಾರ್ಪಾಲಿನ ಹಗ್ಗ ಉಜ್ಜಿದ ಕಡೆ ವಯರಿನೊಳಗಿಂದ ಕೆಂಪು ಬೆಳಕು ಸೋರುತ್ತಿತ್ತು. ಅಲ್ಲೇ ಕತ್ತರಿಸಿ, ಕೂದಲೆಳೆಯಂಥ ಗಾಜಿನ ಎಳೆಯನ್ನು ಒರೆಸಿ, ಮೆಟ್ಟಿಲ ಮೇಲೆ ಮೆಷಿನ್ ಇಟ್ಟು ಎರಡೂ ತುದಿ ಬೆಸೆದ. ಎಷ್ಟು ನಾಜೂಕಿನ ಕೈ! ಕಾಲ್ ಸೆಂಟರಿಗೆ ಹತ್ತು ಸಲ ನಂಬರ್ ಒತ್ತುವ ಕಾಟವಿಲ್ಲ, ವಾಟ್ಸ್ಯಾಪ್ ಮಾಡಿದರೆ ಸಾಕು.

ಆದರೆ ಭಾನುವಾರ ಕೆಟ್ಟರೆ ಸೋಮವಾರದವರೆಗೆ ಯಾರೂ ಬರುವುದಿಲ್ಲ. 20ನೇ ತಾರೀಖಿಗೆ ಜಿಎಸ್‌ಟಿ ರಿಟರ್ನ್ ಕಟ್ಟುವವರಿಗೆ ಇದು ಸಣ್ಣ ವಿಷಯ ಅಲ್ಲ. ಆ ಹೊತ್ತಿಗೆ ನನ್ನ ಮೊಬೈಲಿನ ಹಾಟ್‌ಸ್ಪಾಟೇ ಗತಿ. ಅದಕ್ಕೇ ಹೇಳೋದು, ಮನೆಗೆ ಫೈಬರ್ ಬಂತೆಂದು ಎಲ್ಲರ ಮೊಬೈಲ್ ಪ್ಯಾಕನ್ನೂ ಸುಮ್ನೆ ಕತ್ತರಿಸಬೇಡಿ. ಒಬ್ಬರದ್ದಾದರೂ ದೊಡ್ಡದಿರಲಿ. ಫೈಬರ್, ಸಿಮ್ ಎರಡೂ ಒಂದೇ ಕಂಪನಿಯದು ಬೇಡ. ಒಂದೇ ಬಿಲ್ಲಿನ ಪ್ಯಾಕ್ ಅಗ್ಗ ಅನ್ನಿಸಬಹುದು, ಆದರೆ ಕಂಪನಿಯ ಜಾಲವೇ ಕೈಕೊಟ್ಟ ದಿನ ಎರಡೂ ಒಟ್ಟಿಗೆ ಮಲಗುತ್ತವೆ.

ಫೈಬರ್ ಮೊಬೈಲಿಗೂ ಆಸರೆಯಾಗುತ್ತದೆ. ನಮ್ಮ ಒಳಕೋಣೆಯಲ್ಲಿ ಮೊಬೈಲ್ ಸಿಗ್ನಲ್ ಒಂದು ಕಡ್ಡಿ. ರಿಟರ್ನ್ ಕಟ್ಟುವಾಗ ಓಟಿಪಿ ಹೋಗುವುದು ಹೋಟೆಲ್ ಮಾಲೀಕರ ಫೋನಿಗೆ, ಅವರು ನನಗೆ ಫೋನ್ ಮಾಡಿ ಹೇಳಬೇಕು. ಮೊಬೈಲ್ ಸೆಟ್ಟಿಂಗ್‌ನಲ್ಲಿ ವೈಫೈ ಕಾಲಿಂಗ್, ಅಂದರೆ ಕರೆ ಟವರ್ ಬದಲು ಮನೆಯ ವೈಫೈ ಮೂಲಕ ಹೋಗುವುದನ್ನು, ಆನ್ ಮಾಡಿದ ಮೇಲೆ ಆ ಕರೆ ಕಟ್ ಆಗುವುದು ನಿಂತಿತು. ಇದಕ್ಕೆ ಬೇರೆ ದುಡ್ಡಿಲ್ಲ. ಎಷ್ಟೋ ಮನೆಗಳಲ್ಲಿ ಇದನ್ನು ಆನ್ ಮಾಡಿರುವುದೇ ಇಲ್ಲ.

ಕರೆಂಟ್ ಹೋದಾಗ ಫೈಬರೂ ಹೋಗುತ್ತದೆ. ರೂಟರಿಗೊಂದು 12 ವೋಲ್ಟಿನ ಮಿನಿ ಯುಪಿಎಸ್ (ಪುಟ್ಟ ಬ್ಯಾಟರಿ ಡಬ್ಬಿ) ತಗೊಳ್ಳಿ. ಇನ್ನು, ದರ ಕೇಳುವಾಗ 18% ಜಿಎಸ್‌ಟಿ ಸೇರಿದೆಯೋ ಇಲ್ಲವೋ ಮೊದಲೇ ಕೇಳಿ. ಐದರಲ್ಲಿ ನಾಲ್ಕು ಸ್ಟಾರ್ ಕೊಡುತ್ತೇನೆ. ಭಾನುವಾರಕ್ಕೊಬ್ಬ ಹುಡುಗನನ್ನು ಇಟ್ಟರೆ ಐದನೆಯದೂ ಕೊಡುತ್ತೇನೆ.